ಸೂರೆತ್ತುವವನ ಮೊದಲ ಕೌದಿ

ಆ ಊರಿನಲ್ಲಿ ಮನೆಗಳ ಸೂರು ಇಳಿಯುತ್ತಿತ್ತು. ಮಳೆಗಲ್ಲ, ಗಾಳಿಗಲ್ಲ, ಗೆದ್ದಲಿಗೂ ಅಲ್ಲ, ಸುಮ್ಮನೆ ಇಳಿಯುತ್ತಿತ್ತು. ವರ್ಷಕ್ಕೆ ಒಂದು ಗೇಣು, ಕೆಲವು ಮನೆಗಳಲ್ಲಿ ಒಂದೂವರೆ ಗೇಣು. ಮದುವೆಯಾಗಿ ಬಂದಾಗ ನೆಟ್ಟಗೆ ಓಡಾಡಿದ ಸೊಸೆ ಮೂರನೆಯ ವರ್ಷಕ್ಕೆ ಕತ್ತು ಬಗ್ಗಿಸಿ, ಐದನೆಯ ವರ್ಷಕ್ಕೆ ಸೊಂಟ ಬಗ್ಗಿಸಿ ಒಲೆಯ ಮುಂದೆ ಹೋಗುತ್ತಿದ್ದಳು. ಪರವೂರಿನವರು ಇದನ್ನು ನೋಡಿ, ಎಂಥ ವಿನಯದ ಜನ, ತಮ್ಮ ಮನೆಯೊಳಗೇ ತಲೆ ತಗ್ಗಿಸಿ ನಡೆಯುತ್ತಾರಲ್ಲ ಎಂದು ಮೆಚ್ಚಿಕೊಂಡು ಹೋಗುತ್ತಿದ್ದರು. ಊರಿನವರು ಆ ಮೆಚ್ಚುಗೆಯನ್ನೂ ತಲೆ ತಗ್ಗಿಸಿಯೇ ಕೇಳಿಸಿಕೊಳ್ಳುತ್ತಿದ್ದರು.

ಹೀಗಾಗಿ ಅಲ್ಲಿ ಸೂರೆತ್ತುವವರಿಗೆ ಬಿಡುವೆನ್ನುವುದು ಇರಲಿಲ್ಲ. ಅದು ನಾಲ್ವರು ಸೇರಿ ಮಾಡುವ ಕೆಲಸ. ನಾಲ್ಕು ಮೂಲೆಗೆ ನಾಲ್ವರು ನಿಂತು ತೊಲೆಗೆ ಹೆಗಲು ಕೊಟ್ಟು ಸೂರನ್ನು ಮೇಲೆತ್ತಬೇಕು. ಅವರು ಎತ್ತಿ ಹಿಡಿದಿರುವಾಗ ಮನೆಯವರು ಕೂತು, ಒಂದೊಂದು ಕಂಬದ ಬುಡಕ್ಕೂ ಒಂದೊಂದು ಕಲ್ಲು ಸರಿಸಬೇಕು. ಎತ್ತುವ ಮೊದಲು ಆಡಲೇಬೇಕಾದ ಮಾತೊಂದಿತ್ತು. ಮನೆಯವರು ಹೊಸ್ತಿಲಲ್ಲಿ ನಿಂತು, "ಸೂರು ಇಳದೈತಿ" ಅನ್ನಬೇಕು. ನಾಲ್ವರೂ ಒಟ್ಟಿಗೆ, "ನೆಲ ಇದ್ದಲ್ಲೇ ಐತಿ" ಅನ್ನಬೇಕು. ಹೀಗೆ ಮೂರು ಸಲ. ಆಮೇಲೆ ಹೆಗಲು. ಮಾತು ಎಲ್ಲಿಂದ ಬಂತು, ಯಾಕೆ ಬಂತು ಎಂದು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಈ ಕಥೆ ಆ ನಾಲ್ವರಲ್ಲಿ ಒಬ್ಬನದು. ಇಪ್ಪತ್ತಾರು ವರ್ಷ ಅವನು ಸೂರೆತ್ತಿದ್ದ. ಎತ್ತಿದ ಸೂರು ಮತ್ತೆ ಇಳಿಯುತ್ತಿತ್ತು, ಇಳಿದದ್ದನ್ನು ಮತ್ತೆ ಎತ್ತುತ್ತಿದ್ದ. ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗುವಾಗ, ಮೊದಲನೆಯ ಮನೆ ಬೆನ್ನ ಹಿಂದೆ ಆಗಲೇ ಕುಗ್ಗುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಬಲ ಹೆಗಲಿನಲ್ಲಿ ಒಂದು ನೋವು ಬಂದು ಮನೆ ಮಾಡಿಕೊಂಡಿತ್ತು. ಮೊದಮೊದಲು ಅದು ಕೆಲಸದ ಹೊತ್ತಿಗೆ ಬಂದು ಹೋಗುತ್ತಿತ್ತು. ಈಚೆಗೆ ಊಟಕ್ಕೆ ಕೈಯೆತ್ತಿದರೂ ಬರುತ್ತಿತ್ತು. ಅವನು ದಣಿದಿದ್ದ. ಒಂದು ದಿನದ ದಣಿವಾದರೆ ಮಲಗಿದರೆ ಹೋಗುತ್ತದೆ. ಅವನದು ಮಲಗಿದರೂ ಜೊತೆಗೇ ಮಲಗಿ, ಎದ್ದಾಗ ಜೊತೆಗೇ ಏಳುವ ದಣಿವು.

ಕೆಲಸ ಬದಲಿಸಬಾರದೇ ಎಂದು ಯಾರಾದರೂ ಕೇಳಿಯಾರು. ಬದಲಿಸಬಹುದಿತ್ತು. ಅದಕ್ಕೆ ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು, ತೊಡಕಿದ್ದದ್ದೂ ಅಲ್ಲಿಯೇ.

ಹೊಸ ಕೆಲಸ ಹಿಡಿಯುವವನು ಆ ಕೆಲಸದಲ್ಲಿ ತಾನು ಮಾಡಿದ ಮೊಟ್ಟಮೊದಲ ವಸ್ತುವನ್ನು ಊರ ನಡುವಿನ ಕಟ್ಟೆಗೆ ತರಬೇಕು. ಎರಡನೆಯದಲ್ಲ, ಮೊದಲನೆಯದು. ಬೆಳಗಿನಿಂದ ಸಂಜೆಯವರೆಗೆ ಊರೆಲ್ಲ ನೋಡುವ ಹಾಗೆ ತಾನೇ ಅದನ್ನು ಬಳಸಬೇಕು. ಗಡಿಗೆ ಮಾಡಿದವನು ಆ ಗಡಿಗೆಯ ನೀರು ಕುಡಿಯಬೇಕು. ಚಪ್ಪಲಿ ಹೊಲಿದವನು ಅದನ್ನು ಮೆಟ್ಟಿ ಕಟ್ಟೆ ಸುತ್ತಬೇಕು. ಕಟ್ಟೆಯನ್ನು ನೋಡಿಕೊಳ್ಳುವ ಮುದುಕಿ, ಅವಳನ್ನು ಕಟ್ಟೆಯವಳು ಎನ್ನುತ್ತಿದ್ದರು, ದಿನದಲ್ಲಿ ಮೂರು ಸಲ ಬಂದು ಕೇಳುತ್ತಾಳೆ: ಇದು ನಿನ್ನ ಮೊದಲನೆಯದು ಹೌದೇನು? ಹೊತ್ತು ಹುಟ್ಟುವಾಗ ಒಮ್ಮೆ, ನೆತ್ತಿಗೆ ಬಂದಾಗ ಒಮ್ಮೆ, ಮುಳುಗುವಾಗ ಒಮ್ಮೆ. ಮೂರು ಸಲವೂ ಹೌದು ಎಂದರೆ ಕೆಲಸ ಅವನದು. ವಸ್ತು ಕಟ್ಟೆಯ ಹಿಂದಿನ ಕೋಣೆಯಲ್ಲಿ ಉಳಿಯುತ್ತದೆ.

ಹಿರಿಯರು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ಮೊದಲನೆಯದು ಹೇಗಿದ್ದರೂ ಊರು ಒಪ್ಪಿಕೊಳ್ಳುತ್ತದೆ, ಹೆದರಬೇಡ ಎನ್ನುವುದು ಅವರ ಲೆಕ್ಕಾಚಾರ ಇದ್ದೀತು. ಆದರೆ ಆ ಕೋಣೆಯೊಳಗೆ ಹೋಗಿ ನೋಡಿದರೆ ಎದೆ ಝಲ್ಲೆನ್ನುತ್ತಿತ್ತು. ಗಡಿಗೆಗಳು ದುಂಡಗೆ, ಚಪ್ಪಲಿಗಳು ಜೋಡಿಗೆ ಜೋಡಿ ಸಮನಾಗಿ, ಬುಟ್ಟಿಗಳು ಒಂದು ಕಡ್ಡಿ ಆಚೀಚೆಯಾಗದೆ. ಅಳತೆ ತಪ್ಪಿದ ಒಂದು ವಸ್ತುವೂ ಅಲ್ಲಿರಲಿಲ್ಲ. ಅಪ್ಪಂದಿರು ಮಕ್ಕಳ ಕೈ ಹಿಡಿದು ಕರೆತಂದು, ನೋಡು, ಮೊದಲ ಸಲಕ್ಕೇ ಹೀಗೆ ಮಾಡಿದ್ದಾರೆ ಎಂದು ತೋರಿಸುತ್ತಿದ್ದರು. ಇದರಲ್ಲೇನೋ ಇದೆ ಎಂದು ನಿಮಗೂ ನನಗೂ ಹೊಳೆಯುತ್ತದೆ. ಆ ಊರಿನವರಿಗೂ ಹೊಳೆಯಿತು, ಆದರೆ ಒಬ್ಬೊಬ್ಬರಿಗೂ ತಮ್ಮ ತಮ್ಮ ವಿಷಯ ಮಾತ್ರ ಹೊಳೆಯಿತು.

ಸೂರೆತ್ತುವವನಿಗೆ ಕೌದಿ ಹೊಲಿಯುವ ಆಸೆ ಇತ್ತು. ಅದು ಹೇಗೆ ಬಂತೆಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ದನದ ಕೊಟ್ಟಿಗೆಯಲ್ಲಿ ಕೂತು, ಹೆಂಡತಿಯ ಹರಿದ ಹಸಿರು ಸೀರೆಯ ತುಂಡನ್ನು ತನ್ನ ಅಪ್ಪನ ರುಮಾಲಿನ ತುಂಡಿಗೆ ಹಚ್ಚಿ ಸುಮ್ಮನೆ ಹೊಲಿಯತೊಡಗಿದ. ಕೂತು ಮಾಡುವ ಕೆಲಸ. ಕೈಯಲ್ಲಿ ಭಾರವಿಲ್ಲ. ಹೊಲಿದದ್ದು ಹೊಲಿದಲ್ಲೇ ನಿಲ್ಲುತ್ತದೆ, ಬೆನ್ನು ತಿರುಗಿಸಿದರೆ ಇಳಿದುಹೋಗುವುದಿಲ್ಲ. ಹನ್ನೊಂದು ಮಧ್ಯಾಹ್ನ ಅವನು ಹೊಲಿದ. ಅಷ್ಟು ದಿನ ಅವನು ಸುಖವಾಗಿದ್ದ, ಇದನ್ನು ಹೇಳಲೇಬೇಕು.

ಹನ್ನೆರಡನೆಯ ದಿನ ಕಟ್ಟೆಯ ಕೋಣೆಗೆ ಹೋಗಿ ಹೊಲಿಯುವವಳ ಮೊದಲ ಕೌದಿಯನ್ನು ನೋಡಿದ. ಹೊಲಿಯುವವಳು ಎಂದರೆ ಊರಿಗೆ ಒಬ್ಬಳೇ. ಬಾಣಂತಿಗೂ ಅವಳ ಕೌದಿ, ಮದುಮಕ್ಕಳಿಗೂ ಅವಳ ಕೌದಿ. ನಲವತ್ತು ವರ್ಷದ ಹಿಂದೆ ಅವಳು ತಂದಿಟ್ಟ ಆ ಮೊದಲನೆಯದರ ಹೊಲಿಗೆ ಇರುವೆ ಸಾಲಿನ ಹಾಗೆ ಹೋಗಿತ್ತು, ಅಂಚಿನಿಂದ ಅಂಚಿಗೆ, ಒಂದು ಕಡೆಯೂ ಬಳುಕದೆ. ಅವನು ಮನೆಗೆ ಬಂದು ತನ್ನದನ್ನು ಬಿಡಿಸಿ ನೋಡಿದ. ಹೊಲಿಗೆ ಅರ್ಧದವರೆಗೆ ನೆಟ್ಟಗೆ ಹೋಗಿ ಆಮೇಲೆ ಯಾರೋ ಕರೆದಂತೆ ಮೂಲೆಗೆ ತಿರುಗಿತ್ತು. ಬಿಳಿ ದಾರ ತೀರಿ ಕೆಂಪು ದಾರ ಶುರುವಾಗಿತ್ತು. ಒಂದು ಮೂಲೆ ಉದ್ದ, ಒಂದು ಗಿಡ್ಡ. ಹೊದ್ದರೆ ತಲೆ ಮುಚ್ಚಿದಾಗ ಕಾಲು ಹೊರಗೆ, ಕಾಲು ಮುಚ್ಚಿದಾಗ ತಲೆ ಹೊರಗೆ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅಂಥದ್ದನ್ನು ಹೊದ್ದು ಊರ ಮುಂದೆ ಮಲಗುವುದುಂಟೆ?

ನಡುಮನೆಯ ನೆಲ ಅಗೆದು ಅದನ್ನು ಹೂತ. ಮೇಲೆ ಮಣ್ಣು ಬಡಿದು ಸೆಗಣಿ ಸಾರಿಸಿದ. ಎರಡನೆಯದನ್ನು ಚೆನ್ನಾಗಿ ಹೊಲಿದು, ಅದನ್ನೇ ಮೊದಲನೆಯದೆಂದು ಒಯ್ದರಾಯಿತು ಎಂದುಕೊಂಡ. ಎರಡನೆಯದು ಬಂತು, ಅದನ್ನೂ ಹೂತ. ಈ ವರ್ಷ ಬೇಡ ಎಂದ. ಬರುವ ವರ್ಷವೂ ಬೇಡ ಎಂದ. ವಯಸ್ಸಾಯಿತು, ಇನ್ನೇನು ಕಲಿಯುವುದು ಎಂದ. ಹೀಗೆನ್ನುತ್ತಲೇ ಹೊಲಿಯುತ್ತಿದ್ದ, ಹೊಲಿಯುತ್ತಲೇ ಹೂಳುತ್ತಿದ್ದ. ಏಳು ವರ್ಷದಲ್ಲಿ ಒಂಬತ್ತು ಕೌದಿ ನಡುಮನೆಯ ಕೆಳಗೆ ಹೋದವು.

ಆ ಊರಿನ ಮಣ್ಣಿಗೆ ಒಂದು ಗುಣವಿತ್ತು. ಅದರಲ್ಲಿ ಹೂತದ್ದು ಕೊಳೆಯುತ್ತಿರಲಿಲ್ಲ, ಉಬ್ಬುತ್ತಿತ್ತು. ಅವನ ಮನೆಯ ಸೂರು ಏಳು ವರ್ಷದಲ್ಲಿ ಬೇರೆಲ್ಲ ಮನೆಗಳಿಗಿಂತ ಬೇಗ ಇಳಿಯಿತು. ಸೂರೆತ್ತುವವನ ಮನೆಗೇ ಈ ಗತಿಯೇ ಎಂದು ಜನ ನಗೆಯಾಡಿದರು. ಹೆಂಡತಿ ಬಗ್ಗಿಕೊಂಡೇ ರೊಟ್ಟಿ ಬಡಿದಳು, ಬಗ್ಗಿಕೊಂಡೇ ಕಸ ಗುಡಿಸಿದಳು, ಒಂದು ಮಾತೂ ಕೇಳಲಿಲ್ಲ. ಅವನ ಜೊತೆಗಾರರು ಮೂವರು ಬಂದು ಎತ್ತಿಕೊಟ್ಟರು. ಅವಳು ಹೊಸ್ತಿಲಲ್ಲಿ ನಿಂತು ಸೂರು ಇಳಿದಿದೆ ಎಂದಾಗ, ನೆಲ ಇದ್ದಲ್ಲೇ ಇದೆ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ಅವನೇ.

ಆ ವರ್ಷದ ಸುಗ್ಗಿ ಮುಗಿದ ಮೇಲೆ ಹೊಲಿಯುವವಳ ಮನೆಯಿಂದ ಕರೆ ಬಂತು. ಅವಳ ಮನೆಯ ಸೂರನ್ನು ಎಷ್ಟು ಸಲ ಎತ್ತಿದ್ದರೆಂದರೆ, ಒಂದೊಂದು ಕಂಬದ ಬುಡದಲ್ಲೂ ಕಲ್ಲುಗಳು ಒಂದರ ಮೇಲೊಂದು ಮಣ್ಣಿನಲ್ಲಿ ಹೂತುಹೋಗಿದ್ದವು. ಬೀದಿಯಿಂದ ಹೊಸ್ತಿಲಿಗೆ ಹತ್ತಲು ಆರು ಮೆಟ್ಟಿಲು. ನಾಲ್ವರೂ ಮೂಲೆಗಳಲ್ಲಿ ನಿಂತರು. ಅವಳು ಮಾತು ಹೇಳಿದಳು, ಇವರು ಮಾತು ಹೇಳಿದರು, ಮೂರು ಸಲ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಕಲ್ಲು ಸರಿಸಲು ಅವಳೇ ಕೂತಳು. ಮೂರು ಕಂಬ ಆಯಿತು. ನಾಲ್ಕನೆಯದು ಅವನ ಮೂಲೆಯದು.

ಅವಳ ಬಲಗೈ ಕಂಬದ ಕೆಳಗಿದ್ದಾಗ ಅವನ ಹೆಗಲು ಸೋತಿತು. ಸೋಲುತ್ತದೆ ಎಂದು ಅವನಿಗೆ ಒಂದು ಉಸಿರಿನಷ್ಟು ಮೊದಲೇ ತಿಳಿಯಿತು, ಕೂಗಲು ಬಾಯಿ ಬರಲಿಲ್ಲ. ಅವಳೇ ಏನೋ ಅನಿಸಿ ಕೈ ಎಳೆದುಕೊಂಡಳು. ತೊಲೆ ಕಂಬವನ್ನು ಒತ್ತಿತು, ಕಂಬ ಅವಳ ಬೆರಳುಗಳನ್ನು ತರಚಿಕೊಂಡು ನೆಲಕ್ಕೆ ಬಿತ್ತು, ಬಿದ್ದದ್ದು ನಿಲ್ಲದೆ ಮೊಣಕೈಯಷ್ಟು ಒಳಗೆ ಇಳಿಯಿತು. ಸೂರು ಒಂದು ಕಡೆಗೆ ವಾಲಿ ನಿಂತಿತು. ಊರಿಗೆಲ್ಲ ಹೊದಿಕೆ ಹೊಲಿಯುವ ಬೆರಳುಗಳು, ಒಂದು ಕೂದಲೆಳೆಯಲ್ಲಿ ಉಳಿದಿದ್ದವು.

ಜೊತೆಗಾರರು ಊರುಗೋಲು ಕೊಟ್ಟು ತೊಲೆಯನ್ನು ನಿಲ್ಲಿಸಿ ಹೊರಗೆ ಹೋದರು. ಹೋಗುವಾಗ ಅವರಲ್ಲಿ ಹಿರಿಯ, ಸಿಟ್ಟಿಲ್ಲದ ದನಿಯಲ್ಲಿ, ಇನ್ನು ನೀನು ಬರುವುದು ಬೇಡ ಎಂದ. ಅವರ ಕೆಲಸದಲ್ಲಿ ಅದು ನಡೆದುಬಂದ ರೀತಿ. ಒಮ್ಮೆ ಕೈಬಿಟ್ಟವನ ಪಕ್ಕ ಇನ್ನೊಬ್ಬ ನಿಲ್ಲುವುದಿಲ್ಲ. ಇಪ್ಪತ್ತಾರು ವರ್ಷದ ಕೆಲಸ ಹೀಗೆ ಒಂದು ಮಾತಿನಲ್ಲಿ ಮುಗಿಯಿತು. ಅವನಿಗೆ ದುಃಖವಾಯಿತು, ಅದರ ಬೆನ್ನಿಗೇ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ಇನ್ನು ಹೊಟ್ಟೆಪಾಡಿಗೆ ಏನು ಎನ್ನುವ ಭಯ ಕೊನೆಗೆ ಬಂದು ಎಲ್ಲವನ್ನೂ ಆಚೆಗೆ ತಳ್ಳಿ ಕೂತಿತು.

ತಾನು ಮಾಡಿದ ತೂತನ್ನಾದರೂ ಮುಚ್ಚಿ ಹೋಗೋಣ ಎಂದು ಅವನು ಮಂಡಿಯೂರಿದ. ಹೊಲಿಯುವವಳು ಬೇಡ ಬೇಡ ಎಂದಳು, ತರಚಿದ ಕೈಯಿಂದಲೇ ಅವನ ತೋಳು ಹಿಡಿದು ಎಳೆದಳು. ಅಷ್ಟರಲ್ಲಿ ಅವನ ಬೆರಳಿಗೆ ಬಟ್ಟೆ ಸಿಕ್ಕಿತು. ಎಳೆದರೆ ಹಳದಿ ಅಂಚಿನ ಕೌದಿ, ಹೊಲಿಗೆ ಕುಡಿದವನ ನಡಿಗೆಯಂತೆ ಅತ್ತಿತ್ತ ಹೋಗಿದೆ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಅವುಗಳಿಂದ ಎದ್ದ ವಾಸನೆ ಅವನಿಗೆ ಗುರುತಿನದು. ಏಳು ವರ್ಷದಿಂದ ಅವನ ನಡುಮನೆಯಲ್ಲಿದ್ದದ್ದೂ ಅದೇ ವಾಸನೆ.

ಅವಳು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಳು. ಸೂರು ವಾಲಿದ ಕಡೆ ಕೂರಲು ಜಾಗವಿರಲಿಲ್ಲ, ಇಬ್ಬರೂ ಇನ್ನೊಂದು ಬದಿಗೆ ಮೊಣಕಾಲು ಮಡಿಸಿ ಕೂತರು.

"ನಲವತ್ತೊಂದು ಅದಾವು," ಎಂದಳು. "ಕಟ್ಟಿ ಕ್ವಾಣ್ಯಾಗ ಇಟ್ಟೀನಲ್ಲ, ಅದು ಮೊದಲನೇದಲ್ಲ. ಹದಿನೇಳನೇದು."

"ನಂದು ಒಂಬತ್ತು," ಎಂದ.

ಆಮೇಲೆ ಅವಳು ತನ್ನ ಪಾಡು ಹೇಳಿಕೊಂಡಳು. ಕಟ್ಟೆಯ ಮೇಲೆ ಒಮ್ಮೆ ಸುಳ್ಳು ಹೇಳಿದ ಮೇಲೆ, ಮೊದಲ ಸಲಕ್ಕೇ ತಪ್ಪಿಲ್ಲದೆ ಹೊಲಿದವಳು ಎಂದು ಹೆಸರಾಯಿತು. ಆ ಹೆಸರಿಗೆ ತಕ್ಕಂತೆ ಹೊಲಿಯಬೇಕು. ಒಂದು ಕೌದಿ ಕೊಡುವ ಮೊದಲು ಹತ್ತು ಸಲ ಬಿಡಿಸಿ ನೋಡಬೇಕು, ಒಂದು ಹೊಲಿಗೆ ಬಳುಕಿದರೂ ಅದು ನೆಲದ ಕೆಳಗೆ. ನಲವತ್ತು ವರ್ಷದಲ್ಲಿ ಒಂದನ್ನೂ ತಾನು ಖುಷಿಯಿಂದ ಹೊಲಿಯಲಿಲ್ಲ ಎಂದಳು. ಹೇಳುವಾಗ ಅವಳು ಅಳಲಿಲ್ಲ, ಅಳುವುದಕ್ಕೂ ಬೇಜಾರಾದವಳ ಹಾಗೆ ಹೇಳಿದಳು. ಕೊನೆಗೆ ಅವನಿಗೆ ಒಂದು ದಾರಿ ತೋರಿಸಿದಳು. ಈಗ ನಿನಗೆ ಬೇರೆ ಕೆಲಸವಿಲ್ಲ. ಒಂಬತ್ತನೆಯದು ಚೆನ್ನಾಗಿಯೇ ಇದ್ದೀತು, ಅದನ್ನು ಕಟ್ಟೆಗೆ ತಾ. ನಿನ್ನದನ್ನು ನಾನು ಹೇಳುವುದಿಲ್ಲ, ನನ್ನದನ್ನು ನೀನು ಹೇಳಬೇಡ. ಅವನು ತಲೆಯಾಡಿಸಿ, ತೂತಿಗೆ ಮಣ್ಣು ತುಂಬಿ ಮನೆಗೆ ಬಂದ.

ಅಂದು ಅವನು ಹೆಂಡತಿಗೆ ತಾನು ಹೂತದ್ದನ್ನೆಲ್ಲ ಹೇಳಿದ. ಅವಳಿಗೆ ಎಲ್ಲವೂ ಗೊತ್ತಿತ್ತು. ಅವಳ ಹಸಿರು ಸೀರೆ ಏನಾಯಿತು ಎಂದು ಅವಳು ಏಳು ವರ್ಷದಿಂದ ಕೇಳದೆ ಇದ್ದದ್ದು ಮರೆವಿನಿಂದಲ್ಲ. ಅವಳೂ ಹೊಲಿಯುವವಳ ಮಾತನ್ನೇ ಹೇಳಿದಳು.

"ಒಂಬತ್ತನೇದು ಚಂದ ಐತಿ, ಹೂಳೂ ಮುಂದ ನಾ ನೋಡೀನಿ. ಮ್ಯಾಲೇ ಐತಿ, ಒಂದು ಮೊಳ ಅಗದ್ರ ಸಿಗತೈತಿ. ಅದನ್ನ ಒಯ್ಯಿ. ಯಾರಿಗೆ ಗೊತ್ತಾಗಬೇಕು?"

ಒಂಬತ್ತನೆಯದು ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಒಯ್ದರೆ ಕೆಲಸ ಸಿಗುತ್ತಿತ್ತು, ಊರು ಹೊಗಳುತ್ತಿತ್ತು, ಕೋಣೆಯಲ್ಲಿ ಹೊಲಿಯುವವಳ ಕೌದಿಯ ಪಕ್ಕದಲ್ಲೇ ಜಾಗ. ಮೊದಲನೆಯದನ್ನು ಒಯ್ದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನೆನಪಿದ್ದಷ್ಟು ಕಾಲದಲ್ಲಿ ಯಾರೂ ಒಯ್ದಿರಲಿಲ್ಲ. ಅವನು ಧೈರ್ಯವಂತನಲ್ಲ. ಸತ್ಯಕ್ಕಾಗಿ ಪ್ರಾಣ ಬಿಡುವ ಜಾತಿಯವನೂ ಅಲ್ಲ. ಆದರೆ ಹೊಲಿಯುವವಳ ಮುಖ ಅವನ ಕಣ್ಣ ಮುಂದಿನಿಂದ ಹೋಗಲಿಲ್ಲ.

"ಅದನ್ನ ಒಯ್ದ್ರ ಸಾಯೂ ತನಕಾ ಅದನ್ನ ಹೊರಬೇಕು," ಎಂದ. "ನನ್ನ ಹೆಗಲಾಗ ಅಷ್ಟು ಕಸುವು ಉಳದಿಲ್ಲ."

ಹೆಂಡತಿ ಎದ್ದು ಗುದ್ದಲಿ ತಂದಳು.

ಮೂರು ಹಗಲು ಅಗೆದರು. ಅವನು ಎಡಗೈಯಿಂದ ಅಗೆದ, ಅವಳು ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಒಂಬತ್ತನೆಯದು ಬಂತು, ಎಂಟನೆಯದು ಬಂತು. ಒಂದಕ್ಕಿಂತ ಒಂದು ಕೆಟ್ಟದ್ದು. ಐದನೆಯದನ್ನು ಹೊರತೆಗೆದಾಗ ಅವನಿಗೆ ಸಾಕೆನಿಸಿತು, ಇದನ್ನೇ ಒಯ್ಯೋಣವೇ ಎಂದ. ಹೆಂಡತಿ ಖಾಲಿ ಬುಟ್ಟಿ ಮುಂದಿಟ್ಟಳು. ಮೇಲೆ ಬಂದ ಕೌದಿಗಳು ಬಿಸಿಲಿಗೆ ಬಿದ್ದೊಡನೆ ತೆಳುವಾದವು, ಮೊದಲಿದ್ದಷ್ಟೇ ಆದವು. ನೆಲ ಮಾತ್ರ ಗೇಣುಗಟ್ಟಲೆ ಕೆಳಗೆ ಹೋಯಿತು. ಮೂರನೆಯ ಮಧ್ಯಾಹ್ನ ಮೊದಲನೆಯದು ಸಿಕ್ಕಿತು. ಬಿಳಿ ದಾರ, ಕೆಂಪು ದಾರ, ಉದ್ದದ ಮೂಲೆ, ಗಿಡ್ಡ ಮೂಲೆ, ಎಲ್ಲ ಹಾಗೇ ಇದ್ದವು. ಹೆಂಡತಿ ತನ್ನ ಸೀರೆಯ ತುಂಡನ್ನು ಮುಟ್ಟಿ ನೋಡಿದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತಳು. ನೆಟ್ಟಗೆ ನಿಂತಳು. ಬೆನ್ನಿನ ಮೂಳೆಗಳು ಲಟಲಟ ಎಂದವು.

"ಸೂರು ಇಳದೇ ಇಲ್ಲ, ನೆಲಾನ ಏರಿತ್ತು," ಎಂದಳು.

ಅವನು ಅಗೆದ ಮಣ್ಣಿನ ಮೇಲೆ ಕೂತು ಅತ್ತುಬಿಟ್ಟ. ಇಪ್ಪತ್ತಾರು ವರ್ಷ ಎಷ್ಟು ಮನೆಗಳ ಮುಂದೆ ಆ ಮಾತು ಹೇಳಿದ್ದ, ಎಷ್ಟು ಜನರ ಸುಳ್ಳಿಗೆ ಹೆಗಲು ಕೊಟ್ಟಿದ್ದ ಎಂದು ಲೆಕ್ಕ ಹಾಕುವ ಶಕ್ತಿಯೂ ಅವನಿಗಿರಲಿಲ್ಲ. ಅವಳು ಅವನನ್ನು ಅಳಲು ಬಿಟ್ಟು ಒಲೆ ಹಚ್ಚಲು ಹೋದಳು.

ಅಮಾವಾಸ್ಯೆಯ ಬೆಳಿಗ್ಗೆ ಅವನು ಕೌದಿ ಮಡಿಸಿಕೊಂಡು ಕಟ್ಟೆಗೆ ಹೋದ. ಕಟ್ಟೆಯ ಕಲ್ಲು ತಣ್ಣಗಿತ್ತು. ಬೆನ್ನು ಕೆಳಗೆ ಮಾಡಿ ಮಲಗಿ ಕೌದಿ ಹೊದ್ದ. ಕಾಲು ಹೊರಗೆ ಬಂತು. ಕಾಲು ಎಳೆದುಕೊಂಡರೆ ಮಂಡಿ ಎದ್ದು ನಿಂತವು, ಅದು ಇನ್ನೂ ಚಂದವಿಲ್ಲ ಎಂದು ಮತ್ತೆ ಚಾಚಿದ. ಹೊತ್ತು ಹುಟ್ಟಿತು. ಕಟ್ಟೆಯವಳು ಕೋಲೂರಿಕೊಂಡು ಬಂದು ನಿಂತಳು.

"ಇದು ನಿನ್ನ ಮೊದಲನೇದು ಹೌದೇನು?"

"ಹೌದು," ಎಂದ.

ಜನ ಬಂದರು. ಮೊದಲು ಬಂದವರಿಗೆ ತಾವು ನೋಡುತ್ತಿರುವುದು ಏನೆಂದೇ ತಿಳಿಯಲಿಲ್ಲ. ಒಬ್ಬ ಇದೇನು ನೆಲ ಒರೆಸುವುದೇ ಎಂದು ಕೇಳಿದ. ಮಕ್ಕಳು ಅವನ ಹೆಬ್ಬೆರಳು ನೋಡಿ ನಕ್ಕರು. ಒಬ್ಬಳು ಹೊಲಿಗೆಯ ದಾರಿ ಹಿಡಿದು ಬೆರಳು ಓಡಿಸುತ್ತಾ ಹೋಗಿ, ತಿರುವಿನಲ್ಲಿ ನಿಂತು, ಇಲ್ಲಿ ಏನಾಯಿತಪ್ಪಾ ಎಂದಳು. ಗಡಿಗೆ ಮಾಡುವವನು ಮಾತ್ರ ನಗದೆ ತುಸು ಹೊತ್ತು ನಿಂತು ಹೋದ. ಸೂರೆತ್ತುವವನು ಕಣ್ಣು ಮುಚ್ಚಲಿಲ್ಲ, ಆಕಾಶ ನೋಡುತ್ತಾ ಮಲಗಿದ್ದ. ಪ್ರತಿ ನಗೆಯೂ ಎದೆಗೆ ತಾಗುತ್ತಿತ್ತು. ಎದ್ದು ಓಡಿಹೋಗುವ ಮನಸ್ಸು ಹತ್ತು ಸಲ ಬಂತು. ಏಳುವುದಕ್ಕೂ ಒಂದು ಹುಮ್ಮಸ್ಸು ಬೇಕಲ್ಲ, ಅದು ಇರಲಿಲ್ಲವಾದ್ದರಿಂದ ಮಲಗಿಯೇ ಉಳಿದ.

ಹೊತ್ತು ನೆತ್ತಿಗೆ ಬಂದಾಗ ಕಟ್ಟೆಯವಳು ಮತ್ತೆ ಬಂದಳು. ಆಗ ಕಟ್ಟೆಯ ಸುತ್ತ ಊರಿನ ಅರ್ಧ ಜನ ಸೇರಿದ್ದರು. ಅವಳು ಕೇಳಿದಳು, ಅವನು ಹೌದು ಎಂದ. ಅವಳು ಹೋಗಬೇಕಿತ್ತು, ಹೋಗಲಿಲ್ಲ. ಬಗ್ಗಿ ಕೌದಿಯನ್ನು ಮೂಸಿದಳು.

"ಮಣ್ಣಿನ ವಾಸನಿ ಯಾಕ ಬರ್ತೈತಿ?"

ಇದು ಕಟ್ಟಳೆಯಲ್ಲಿ ಇಲ್ಲದ ಪ್ರಶ್ನೆ. ಉತ್ತರ ಕೊಡದಿದ್ದರೂ ನಡೆಯುತ್ತಿತ್ತು. ಅವನು ಮಲಗಿದ್ದಲ್ಲಿಂದಲೇ ತಲೆ ತಿರುಗಿಸಿ ಅವಳನ್ನು ನೋಡಿದ.

"ಹೂತಿಟ್ಟಿದ್ದೆ," ಎಂದ. "ಏಳು ವರ್ಷ. ನಾಚಿಕಿ ಆಗಿತ್ತು. ಇದರ ಮ್ಯಾಲ ಇನ್ನೂ ಎಂಟು ಹೂತಿದ್ದೆ."

ನಗುತ್ತಿದ್ದವರು ನಿಲ್ಲಿಸಿದರು. ಆ ವಾಸನೆ ಯಾವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತನ್ನ ಮನೆಯಲ್ಲಿ ಮಾತ್ರ ಇದೆ ಎಂದು ಒಬ್ಬೊಬ್ಬರೂ ತಿಳಿದುಕೊಂಡಿದ್ದ ವಾಸನೆ ಅದು, ಅತಿಥಿಗಳು ಬಂದಾಗ ಲೋಬಾನ ಹಾಕಿ ಅಡಗಿಸುತ್ತಿದ್ದದ್ದು. ಗಂಡ ಹೆಂಡತಿಯ ಮುಖ ನೋಡಲಿಲ್ಲ, ಅಣ್ಣ ತಮ್ಮನ ಮುಖ ನೋಡಲಿಲ್ಲ. ಊಟದ ಹೊತ್ತಾಯಿತು ಎಂದು ಯಾರೋ ಅಂದರು. ಒಬ್ಬೊಬ್ಬರಾಗಿ ಮನೆಗೆ ಹೋದರು.

ಆ ಮಧ್ಯಾಹ್ನ ಊರಿಗೆ ಊರೇ ಗುದ್ದಲಿ ಹಿಡಿಯಿತು ಎಂದರೆ ಕೇಳಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಗಡಿಗೆ ಮಾಡುವವನ ಮನೆಯಿಂದ ಒಂದಿಷ್ಟು ಹೊತ್ತು ಅಗೆಯುವ ಸದ್ದು ಬಂತು, ಆಮೇಲೆ ನಿಂತಿತು. ಮಾರನೆಯ ದಿನಕ್ಕೆ ಸೂರೆತ್ತಲು ಹೇಳಿದ್ದ ಮೂರು ಮನೆಯವರು ಬೇಡ ಎಂದೇನೂ ಹೇಳಿ ಕಳಿಸಲಿಲ್ಲ. ಭಯ ಅಷ್ಟು ಬೇಗ ಊರು ಬಿಟ್ಟು ಹೋಗುವುದಿಲ್ಲ.

ಬಿಸಿಲು ಇಳಿಯುವಾಗ ಹೊಲಿಯುವವಳು ಬಂದಳು. ಬಲಗೈಗೆ ಇನ್ನೂ ಬಟ್ಟೆ ಸುತ್ತಿಕೊಂಡಿದ್ದಳು. ಅವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಅವಳು ಏನು ಹೇಳುತ್ತಾಳೋ ಕೇಳೋಣ ಎಂದು, ಮನೆಗೆ ಹೋದವರಲ್ಲಿ ಕೆಲವರು ಮತ್ತೆ ಬಂದು ನಿಂತರು. ಅವಳು ಕಟ್ಟೆಯ ಅಂಚಿನಲ್ಲಿ ಕೂತು, ಎಡಗೈಯಿಂದ ಕೌದಿಯ ಒಂದೊಂದು ತುಂಡನ್ನೂ ನೋಡಿದಳು. ಹೊಲಿಗೆ ತಿರುಗಿದ ಕಡೆ ಬಹಳ ಹೊತ್ತು ನೋಡಿದಳು. ಸೂರೆತ್ತುವವನು ಉಸಿರು ಬಿಗಿಹಿಡಿದಿದ್ದ. ಊರೆಲ್ಲ ನಕ್ಕದ್ದು ಒಂದು ತೂಕ, ಇವಳ ಒಂದು ಮಾತು ಇನ್ನೊಂದು ತೂಕ.

"ನನ್ನ ಮೊದಲನೇದು ಇದಕ್ಕಿಂತ ಕೆಟ್ಟದಿತ್ತು," ಎಂದಳು. ಸಣ್ಣ ದನಿಯಲ್ಲಿ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸಿತು. "ಅದು ನಮ್ಮನಿ ನೆಲದಾಗ ಐತಿ. ತಳದಾಗ."

ಅವಳು ಕೌದಿಯನ್ನು ಎಳೆದು ಅವನ ಕಾಲು ಮುಚ್ಚಿದಳು, ಎದೆ ಹೊರಗೆ ಬಂತು. ಸ್ವಲ್ಪ ಮೇಲಕ್ಕೆ ಎಳೆದಳು, ಕಾಲು ಹೊರಗೆ ಬಂತು. ಅವಳಿಗೆ ನಗು ಬಂತು. ಯಾರನ್ನೂ ಅಣಕಿಸದ, ಬಹಳ ದಿನದಿಂದ ಬಳಸದೆ ಇಟ್ಟಿದ್ದ ನಗು ಅದು. ಸೂರೆತ್ತುವವನೂ ನಕ್ಕ. ನಕ್ಕಾಗ ಅವನ ಮೈಯಲ್ಲಿ ಎಲ್ಲೋ ಬಿಗಿದುಕೊಂಡಿದ್ದ ಗಂಟು ಸಡಿಲವಾಯಿತು. ಅವಳು ಎದ್ದು ಹೋಗಲಿಲ್ಲ, ಅಲ್ಲೇ ಕೂತಳು. ಕಲ್ಲು ಬಿಸಿಲು ಕುಡಿದು ಬೆಚ್ಚಗಾಗಿತ್ತು. ಅವನು ಕಣ್ಣು ಮುಚ್ಚಿದ.

ಹೊತ್ತು ಮುಳುಗಲು ಒಂದು ಮಾರು ಉಳಿದಾಗ ಕಟ್ಟೆಯವಳು ಮೂರನೆಯ ಸಲ ಬಂದಳು. ಜನರೂ ಬಂದಿದ್ದರು, ಬೆಳಿಗ್ಗೆಗಿಂತ ಹೆಚ್ಚಾಗಿಯೇ. ಹೆಂಡತಿ ಮುಂದೆ ನಿಂತಿದ್ದಳು. ಇದೊಂದು ಉತ್ತರ ಬಂದರೆ ಅವನಿಗೆ ಕೆಲಸವುಂಟು, ಬರದಿದ್ದರೆ ಇಲ್ಲ. ಸೂರೆತ್ತುವ ಕೆಲಸ ಹೋಗಿಯೇ ಆಗಿತ್ತು. ಕಟ್ಟೆಯವಳು ಕೋಲೂರಿ ನಿಂತು ಕೇಳಿದಳು, ಇದು ನಿನ್ನ ಮೊದಲನೆಯದು ಹೌದೇನು ಎಂದು.

ಉತ್ತರ ಬರಲಿಲ್ಲ. ಅವನು ನಿದ್ದೆ ಹೋಗಿದ್ದ. ಬಾಯಿ ತುಸು ತೆರೆದಿತ್ತು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಬಲಗೈ ಕೌದಿಯ ಕೆಳಗೆ ಸಡಿಲವಾಗಿ ಬಿದ್ದಿತ್ತು. ಕಟ್ಟೆಯವಳು ಮತ್ತೊಮ್ಮೆ ಕೇಳಲಿಲ್ಲ, ನೋಡುತ್ತಾ ನಿಂತಳು. ಸೂರ್ಯ ಅರ್ಧ ಮುಳುಗಿದ. ಗುಂಪಿನಲ್ಲಿ ಗುಸುಗುಸು ಎದ್ದಿತು. ಎಬ್ಬಿಸಿ ಎಂದರು ಕೆಲವರು. ಉತ್ತರ ಬರದಿದ್ದರೆ ಕಟ್ಟಳೆ ಮುರಿಯುತ್ತದೆ ಎಂದರು ಕೆಲವರು. ಅವನ ಹಳೆಯ ಜೊತೆಗಾರನೊಬ್ಬ ಕಟ್ಟೆ ಹತ್ತಿ ಅವನ ಭುಜ ಅಲುಗಾಡಿಸಲು ಬಗ್ಗಿದ. ಕಟ್ಟೆಯವಳು ಕೋಲನ್ನು ಅಡ್ಡ ಹಿಡಿದಳು.

"ನಲವತ್ತು ವರ್ಷ ಆತು ನಾ ಇಲ್ಲಿ ಬಂದು," ಎಂದಳು. "ಚಂದದ ಕೌದಿನೂ ಒಂದು ನೋಡೀನಿ ಈ ಕಟ್ಟಿ ಮ್ಯಾಲ. ಅದನ್ನ ಹೊಚ್ಚಿಕೊಂಡಾಕಿ ಒಂದು ರೆಪ್ಪಿ ಮುಚ್ಚಿದ್ದಿಲ್ಲ. ಹೆಣಧಾಂಗ ಸೆಟದು ಮಲಗಿದ್ಲು."

ಹೊಲಿಯುವವಳು ತಲೆ ತಗ್ಗಿಸಲಿಲ್ಲ, ಹೌದು ಎನ್ನುವಂತೆ ಆಡಿಸಿದಳು. ಸೂರ್ಯ ಪೂರ್ತಿ ಮುಳುಗಿದ. ಕಟ್ಟೆಯವಳು ಗುಂಪಿನ ಕಡೆ ತಿರುಗಿ, ಉತ್ತರ ತನಗೆ ಕೇಳಿಸಿತು, ಕೇಳಿಸದವರು ಹತ್ತಿರ ಬಂದು ಕೇಳಿಸಿಕೊಳ್ಳಿ ಎಂದಳು. ಕೆಲವರು ನಿಜಕ್ಕೂ ಹತ್ತಿರ ಬಂದು, ಅವನ ಉಸಿರು ಏರಿ ಇಳಿಯುವುದನ್ನು ನೋಡಿ ನಿಂತರು. ಅವರಲ್ಲಿ ಒಬ್ಬ ಆಕಳಿಸಿದ.

ಜನ ಚದುರಿದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು, ಮನೆಗೆ ಹೋಗಬೇಕಲ್ಲ, ಎಬ್ಬಿಸಲೇ ಎಂದು.

"ಬ್ಯಾಡ," ಎಂದಳು ಕಟ್ಟೆಯವಳು. "ನಾಳಿ ಅವಗ ಎತ್ತೂದು ಏನೂ ಇಲ್ಲ."

ಹೆಂಡತಿ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಅವನ ಪಕ್ಕದಲ್ಲಿ ಕಾಲು ಚಾಚಿ ಕೂತಳು.